ಜ್ವರವೆಂಬ ಪ್ರಶ್ನೆ

ತೀವ್ರ ನಿಗಾ ಘಟಕಕ್ಕೆ ರೋಗಿಯನ್ನು ಸೇರಿಸಿ ಐದು ದಿನಗಳಾಗಿವೆ. ಗಂಟಲೊಳಗಿನ ಕೊಳವೆ ಉಸಿರಾಟದ ಯಂತ್ರಕ್ಕೆ ಸೇರಿದೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲೊಂದು ನಳಿಕೆ, ಮೂತ್ರಕ್ಕೆ ಮತ್ತೊಂದು. ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳು, ನಿನ್ನೆಗಿಂತ ಇಂದು ವಾಸಿಯೆಂದು ಸಮಾಧಾನ ತಂದುಕೊಂಡಿದ್ದಾರೆ. ನಡುರಾತ್ರಿಯಲ್ಲಿ ದಾದಿ ಉಷ್ಣತೆಯನ್ನು ನೋಡಿ ಪಟ್ಟಿಯಲ್ಲಿ ೩೮.೬ ಡಿಗ್ರಿ ಸೆಂಟಿಗ್ರೇಡ್ ಎಂದು ಗುರುತಿಸುತ್ತಾಳೆ. ಮತ್ತೆ ಜ್ವರ ಬಂದಿದೆ!

"ಜ್ವರ ಇಳಿಸುವ ಔಷಧ ಕೊಡಬಾರದೆ?" ಎಂಬುದು ಬಂಧುಗಳ ಮೊದಲ ಪ್ರಶ್ನೆ. "ಇದು ಏಕೆ ಬಂತು?" ಎಂಬುದು ವೈದ್ಯರ ಮೊದಲ ಪ್ರಶ್ನೆ. ರೋಗಿಯ ಹಣೆಬರಹವು ಎಷ್ಟೋ ವೇಳೆ ಈ ಎರಡನೆಯ ಪ್ರಶ್ನೆಗೆ ದೊರೆಯುವ ಉತ್ತರವನ್ನೇ ಅವಲಂಬಿಸಿರುತ್ತದೆ.

ಹಿಂದೆ ಜ್ವರವನ್ನೇ ಒಂದು ರೋಗವೆಂದು ಎಣಿಸುತ್ತಿದ್ದರು. ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ಕಾರ್ಲ್ ವುಂಡರ್‌ಲಿಖ್ ಅವರು ಸುಮಾರು ೨೫,೦೦೦ ರೋಗಿಗಳ ಉಷ್ಣತೆಯನ್ನು ಅಳೆಸಿ, ೧೮೬೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜ್ವರವು ರೋಗವಲ್ಲ, ರೋಗದ ಲಕ್ಷಣವೆಂದು ತೋರಿಸಿಕೊಟ್ಟರು. ಹೊಗೆಯನ್ನು ಬೀಸಣಿಗೆಯಿಂದ ಓಡಿಸಿದ ಮಾತ್ರಕ್ಕೆ ಬೆಂಕಿ ಆರುವುದುಂಟೆ?

ನಿಗಾ ಘಟಕದಲ್ಲಿರುವ ವಯಸ್ಕರಿಗೆ ಉಷ್ಣತೆ ೩೮.೩ ಡಿಗ್ರಿ, ಎಂದರೆ ಸುಮಾರು ೧೦೧ ಡಿಗ್ರಿ ಫ್ಯಾರನ್‌ಹೀಟ್, ಮುಟ್ಟಿದರೆ ಅದನ್ನು ಹೊಸ ಜ್ವರವೆಂದು ಪರಿಗಣಿಸುವುದು ರೂಢಿ. ಅಳತೆಯೂ ನಂಬಲರ್ಹವಾಗಿರಬೇಕು. ಕಂಕುಳಲ್ಲಿಯೋ ಹಣೆಯ ಮೇಲೆಯೋ ನೋಡಿದ ಅಳತೆ ತಪ್ಪು ದಾರಿ ತೋರಿಸಬಹುದು. ಮೂತ್ರಕೋಶ ಅಥವಾ ಅನ್ನನಾಳದೊಳಗಿನ ಮಾಪಕವು ಹೆಚ್ಚು ನಿಖರ. ಅದಿಲ್ಲದಿದ್ದರೆ ಬಾಯಿ ಅಥವಾ ಗುದದ್ವಾರದ ಅಳತೆ. ಇನ್ನೊಂದು ಮಾತು: ವೃದ್ಧರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಯಂತ್ರದ ಮೂಲಕ ರಕ್ತಶುದ್ಧಿ ನಡೆಯುತ್ತಿರುವವರಲ್ಲಿ ಘೋರವಾದ ಸೋಂಕಿದ್ದರೂ ಜ್ವರ ಕಾಣಿಸದೆ ಇರಬಹುದು.

ಆಮೇಲೆ ಶೋಧನೆ. ಅದು ಪ್ರಯೋಗಾಲಯದಲ್ಲಲ್ಲ, ಹಾಸಿಗೆಯ ಬಳಿಯಲ್ಲೇ ಆರಂಭವಾಗುತ್ತದೆ. ನಳಿಕೆ ಚುಚ್ಚಿದ ಜಾಗ ಕೆಂಪಾಗಿದೆಯೆ? ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಕೀವುಂಟೆ? ಕಫದ ಬಣ್ಣ ಬದಲಾಗಿದೆಯೆ? ಹೊಟ್ಟೆ ಬಿಗಿದಿದೆಯೆ? ಭೇದಿಯುಂಟೆ? ಬೆನ್ನನ್ನು ಹೊರಳಿಸಿ ನೋಡಿದರೆ ಹಾಸಿಗೆ ಹುಣ್ಣು ಕಾಣುತ್ತದೆಯೆ? ಮಾತನಾಡಲಾರದ ರೋಗಿಯ ಪರವಾಗಿ ಅವನ ದೇಹವೇ ಸಾಕ್ಷಿ ನುಡಿಯಬೇಕು.

ಬಳಿಕ ಎದೆಯ ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ. ರಕ್ತದಲ್ಲಿ ರೋಗಾಣುಗಳಿವೆಯೇ ಎಂದು ತಿಳಿಯಲು ಕನಿಷ್ಠ ಎರಡು ಬಾರಿ ರಕ್ತ ತೆಗೆದು ಬೆಳೆಸಿ ನೋಡುತ್ತಾರೆ. ದೊಡ್ಡ ರಕ್ತನಾಳದ ನಳಿಕೆಯ ಮೇಲೆಯೇ ಸಂದೇಹವಿದ್ದರೆ ಅದರಿಂದಲೂ ಕೈಯ ರಕ್ತನಾಳದಿಂದಲೂ ಏಕಕಾಲಕ್ಕೆ ರಕ್ತ ತೆಗೆಯುತ್ತಾರೆ. ನಳಿಕೆಯ ರಕ್ತದಲ್ಲಿ ಎರಡು ಗಂಟೆ ಅಥವಾ ಅದಕ್ಕೂ ಮುಂಚಿತವಾಗಿ ರೋಗಾಣುಗಳು ಬೆಳೆದರೆ ನಳಿಕೆಯೇ ಅಪರಾಧಿಯೆಂಬ ಶಂಕೆ ಬಲವಾಗುತ್ತದೆ. ಮೂತ್ರದ ಸೋಂಕಿನ ಅನುಮಾನವಾದರೆ ಹಳೆಯ ನಳಿಕೆಯನ್ನು ತೆಗೆದು, ಹೊಸದರಿಂದ ಬಂದ ಮೂತ್ರವನ್ನೇ ಪರೀಕ್ಷೆಗೆ ಕಳುಹಿಸುವುದು ಸರಿಯಾದ ಕ್ರಮ.

ಆದರೆ ಎಲ್ಲ ಜ್ವರವೂ ಸೋಂಕಿನಿಂದಲೇ ಬಂದದ್ದಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಮಿದುಳಿನಲ್ಲಾದ ರಕ್ತಸ್ರಾವ, ಬೇರೊಬ್ಬರ ರಕ್ತ ಕೊಟ್ಟಾಗಿನ ಪ್ರತಿಕ್ರಿಯೆ, ಕಲ್ಲಿಲ್ಲದಿದ್ದರೂ ಬಾತುಕೊಂಡ ಪಿತ್ತಕೋಶ—ಇವೆಲ್ಲವೂ ಜ್ವರ ತರಬಲ್ಲವು. ಸೋಂಕನ್ನು ಕೊಲ್ಲಲು ಕೊಟ್ಟ ಆಂಟಿಬಯಾಟಿಕ್ ಔಷಧವೇ ಕೆಲವೊಮ್ಮೆ ಜ್ವರಕ್ಕೆ ಕಾರಣವಾಗುವುದುಂಟು! ಅಂಥಲ್ಲಿ ಮತ್ತೊಂದು ಔಷಧವನ್ನು ಸೇರಿಸುವುದು ಉರಿಯುವ ಒಲೆಗೆ ಸೌದೆ ಒಡ್ಡಿದಂತೆ. ಹಳೆಯದನ್ನು ನಿಲ್ಲಿಸುವುದೇ ಚಿಕಿತ್ಸೆ.

ಹಾಗೆಂದು ಉತ್ತರ ಸಿಗುವವರೆಗೂ ಕೈಕಟ್ಟಿ ಕುಳಿತಿರುವಂತಿಲ್ಲ. ರಕ್ತದೊತ್ತಡ ಕುಸಿದು, ಮೂತ್ರ ಕಡಮೆಯಾಗಿ, ಸೋಂಕು ಮೈಯನ್ನೆಲ್ಲ ಆವರಿಸಿದ ಲಕ್ಷಣಗಳು ತೋರಿದಾಗ ಒಂದೊಂದು ಗಂಟೆಯೂ ಅಮೂಲ್ಯ. ಆಗ ಪರೀಕ್ಷೆಗೆ ರಕ್ತ ತೆಗೆದೊಡನೆಯೇ ಔಷಧವನ್ನು ಆರಂಭಿಸಬೇಕು. ರೋಗಿ ಸ್ಥಿರವಾಗಿದ್ದಲ್ಲಿ ತುಸು ತಾಳ್ಮೆಗೆ ಅವಕಾಶವುಂಟು. ಈ ಎರಡು ಸ್ಥಿತಿಗಳ ಅಂತರವನ್ನು ಅರಿಯುವುದರಲ್ಲಿಯೇ ವೈದ್ಯರ ವಿವೇಕವಿದೆ.

ಜ್ವರ ಇಳಿಸುವ ಮಾತ್ರೆಯ ಗತಿಯೇನು? ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳ ನಿಗಾ ಘಟಕಗಳಲ್ಲಿ, ಸೋಂಕಿನ ಶಂಕೆಯಿಂದ ಜ್ವರಪೀಡಿತರಾಗಿದ್ದ ೭೦೦ ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶವು ೨೦೧೫ರಲ್ಲಿ ಪ್ರಕಟವಾಯಿತು. ಪ್ಯಾರಾಸಿಟಮಾಲ್ ಪಡೆದವರಿಗೂ ಪಡೆಯದವರಿಗೂ ಘಟಕದಿಂದ ಹೊರಗೆ ಕಳೆದ ದಿನಗಳಲ್ಲಾಗಲಿ, ಬದುಕುಳಿದವರ ಪ್ರಮಾಣದಲ್ಲಾಗಲಿ ಗಣನೀಯ ಅಂತರ ಕಾಣಲಿಲ್ಲ. ರೋಗಿಯ ನೆಮ್ಮದಿಗಾಗಿ ಅದನ್ನು ಕೊಡಬಹುದು. ಆದರೆ ಪಟ್ಟಿಯಲ್ಲಿನ ಅಂಕಿ ಇಳಿದುದೇ ಗುಣವಲ್ಲ.

ಬೆಂಚಿನ ಮೇಲಿರುವ ಬಂಧುಗಳೂ ಇಲ್ಲಿ ನೆರವಾಗಬಲ್ಲರು. ರೋಗಿಗೆ ಹಿಂದೆ ಯಾವ ಔಷಧ ಒಗ್ಗಲಿಲ್ಲ, ಮನೆಯಲ್ಲಿ ಯಾವ ಮಾತ್ರೆ ನುಂಗುತ್ತಿದ್ದ, ಮದ್ಯದ ಅಭ್ಯಾಸವಿತ್ತೆ, ಇತ್ತೀಚೆಗೆ ಎಲ್ಲಿಗೆ ಹೋಗಿ ಬಂದ—ಇವನ್ನು ಮುಚ್ಚಿಡದೆ ಹೇಳಿದರೆ ಯಾವ ಯಂತ್ರವೂ ಕೊಡಲಾರದ ಸುಳಿವು ದೊರೆಯಬಹುದು. "ಜ್ವರ ಎಷ್ಟಿದೆ?" ಎಂದು ಕೇಳುವವರು, ಅದರೊಡನೆ "ಕಾರಣ ತಿಳಿಯಿತೆ?" ಎಂದೂ ಕೇಳಲಿ.