ಮನೆಯಂಗಳವೇ ಪ್ರಯೋಗಶಾಲೆ: ಹಾಡುಗುಬ್ಬಿಗಳ ಲೆಕ್ಕವಿಟ್ಟ ಮಾರ್ಗರೆಟ್ ನೈಸ್

ಪುಟ್ಟ ಹಕ್ಕಿಯೊಂದು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಷ್ಟು ಬಾರಿ ಹಾಡುತ್ತದೆ? 1935ರ ಮೇ ತಿಂಗಳ ಒಂದು ದಿನ ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಮಹಿಳೆಯೊಬ್ಬರು ಒಂದೇ ಒಂದು ಗಂಡು ಹಕ್ಕಿಯನ್ನು ಬಿಡದೆ ಗಮನಿಸಿ ಪ್ರತಿಯೊಂದು ಹಾಡನ್ನೂ ಎಣಿಸಿದರು. ದಿನದ ಕೊನೆಯಲ್ಲಿ ಲೆಕ್ಕ 2,300ನ್ನು ದಾಟಿತ್ತು. ಎಣಿಸಿದವರು ಯಾವ ವಿಶ್ವವಿದ್ಯಾಲಯದಲ್ಲಿಯೂ ಹುದ್ದೆ ಹೊಂದಿದ್ದವರಲ್ಲ. ಅವರ ಹೆಸರು ಮಾರ್ಗರೆಟ್ ಮೋರ್ಸ್ ನೈಸ್. ಹಕ್ಕಿಗಳ ಬದುಕನ್ನು ಅರಿಯುವ ವಿಧಾನವನ್ನೇ ಬದಲಿಸಿದವರಲ್ಲಿ ಅವರಿಗೆ ಮೊದಲ ಸಾಲಿನ ಸ್ಥಾನವಿದೆ.

ನೈಸ್ ಜನಿಸಿದ್ದು 1883ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್‌ನಲ್ಲಿ. ತಂದೆ ಇತಿಹಾಸದ ಪ್ರಾಧ್ಯಾಪಕರು. ಬಾಲ್ಯದಲ್ಲಿಯೇ ಹಕ್ಕಿಗಳ ಬಗ್ಗೆ ಟಿಪ್ಪಣಿ ಬರೆದಿಡುವ ಅಭ್ಯಾಸ ಬೆಳೆದಿತ್ತು. ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಬಾಬ್‌ವೈಟ್ ಎಂಬ ಕವುಜುಗದಂಥ ಹಕ್ಕಿಯ ಆಹಾರದ ಕುರಿತು ಸಂಶೋಧನೆ ನಡೆಸಿ 1910ರಲ್ಲಿ ಲೇಖನ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲೇ, 1909ರಲ್ಲಿ, ಬ್ಲೇನ್ ನೈಸ್ ಅವರೊಂದಿಗೆ ವಿವಾಹವಾಗಿತ್ತು. ಡಾಕ್ಟರೇಟ್ ಪಡೆಯುವ ಯೋಚನೆ ಅಲ್ಲಿಗೇ ನಿಂತಿತು. ಪತಿಗೆ ಅಧ್ಯಾಪನ ವೃತ್ತಿ. ಪತ್ನಿಗೆ ಮನೆ, ಅಡುಗೆ, ಐವರು ಹೆಣ್ಣುಮಕ್ಕಳ ಪಾಲನೆ.

ತೊಟ್ಟಿಲ ಪಕ್ಕದ ಸಂಖ್ಯಾಶಾಸ್ತ್ರ

ಸಂಶೋಧನೆ ಮಾತ್ರ ನಿಲ್ಲಲಿಲ್ಲ. ಹೊರಗೆ ಹೋಗಲಾಗದಿದ್ದಾಗ ನೈಸ್ ಮನೆಯೊಳಗಿನ ವಿಷಯವನ್ನೇ ಅಧ್ಯಯನಕ್ಕೆ ಆಯ್ದುಕೊಂಡರು. ಮಗು ಯಾವ ವಯಸ್ಸಿನಲ್ಲಿ ಎಷ್ಟು ಪದ ಬಲ್ಲದು, ಹೊಸ ಪದಗಳು ಯಾವ ವೇಗದಲ್ಲಿ ಸೇರುತ್ತವೆ, ಸುತ್ತಲಿನ ಪರಿಸರ ಅದಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಪಟ್ಟಿ ಮಾಡುತ್ತಾ ಹೋದರು. ಮಕ್ಕಳ ಭಾಷಾ ಬೆಳವಣಿಗೆಯ ಬಗ್ಗೆ ಅವರ ಹಲವಾರು ಲೇಖನಗಳು ಪ್ರಕಟವಾದವು. 1915ರಲ್ಲಿ ಸ್ನಾತಕೋತ್ತರ ಪದವಿಯೂ ದೊರೆಯಿತು.

ಈ ಅಧ್ಯಯನ ಅವರನ್ನು ಒಂದು ಶಿಸ್ತಿಗೆ ಒಗ್ಗಿಸಿತು. 'ಮಕ್ಕಳು ಬೇಗ ಮಾತು ಕಲಿಯುತ್ತಾರೆ' ಎಂಬುದು ಅಭಿಪ್ರಾಯ. 'ಈ ಮಗು ಈ ತಿಂಗಳಲ್ಲಿ ಇಷ್ಟು ಪದಗಳನ್ನು ಬಳಸಿತು' ಎಂಬುದು ದಾಖಲೆ. ಒಂದೇ ಜೀವವನ್ನು ದಿನದಿನವೂ ಗಮನಿಸಿ ಬರೆದಿಡುವ ಇದೇ ಕ್ರಮವನ್ನು ಅವರು ಮುಂದೆ ಹಕ್ಕಿಗಳಿಗೂ ಅನ್ವಯಿಸಿದರು.

ಅವಕಾಶ ಒದಗಿದ್ದು 1919ರಲ್ಲಿ. ಕುಟುಂಬ ಆಗ ಒಕ್ಲಹೋಮದ ನಾರ್ಮನ್ ಪಟ್ಟಣದಲ್ಲಿತ್ತು. ಆಗಸ್ಟ್ ವೇಳೆಗೆ ಮೌರ್ನಿಂಗ್ ಡವ್ ಎಂಬ ಪಾರಿವಾಳಗಳ ಮರಿಗಳು ಗೂಡು ಬಿಟ್ಟಿರುತ್ತವೆ, ಆದ್ದರಿಂದ ಬೇಟೆಯ ಋತುವನ್ನು ಬೇಗನೆ ಆರಂಭಿಸಬಹುದು ಎಂಬ ವಾದ ಕೇಳಿಬಂದಿತ್ತು. ನೈಸ್ ಮಕ್ಕಳನ್ನು ಜೊತೆಗೆ ಕರೆದುಕೊಂಡು ಊರಿನ ಮರಗಳಲ್ಲಿದ್ದ ಗೂಡುಗಳನ್ನು ಎಣಿಸಲಾರಂಭಿಸಿದರು. ಸೆಪ್ಟೆಂಬರ್ ಕಳೆದು ಅಕ್ಟೋಬರ್‌ನಲ್ಲಿಯೂ ಗೂಡುಗಳಲ್ಲಿ ಮರಿಗಳಿದ್ದವು. ತಾಯಿ ಹಕ್ಕಿಯನ್ನು ಕೊಂದರೆ ಮರಿಗಳು ಹಸಿವಿನಿಂದ ಸಾಯುತ್ತವೆ ಎಂಬುದಕ್ಕೆ ಈಗ ಅಂಕಿ ಅಂಶದ ಆಧಾರವಿತ್ತು. ಪತಿಯೊಡನೆ ಸೇರಿ ರಚಿಸಿದ ಒಕ್ಲಹೋಮದ ಹಕ್ಕಿಗಳ ಕುರಿತ ಗ್ರಂಥ 1924ರಲ್ಲಿ ಹೊರಬಂದಿತು.

ಕಾಲಿಗೆ ಬಣ್ಣದ ಉಂಗುರ

1927ರಲ್ಲಿ ಕುಟುಂಬ ಕೊಲಂಬಸ್‌ಗೆ ಬಂದು ನೆಲೆಸಿತು. ಮನೆಯ ಬಳಿಯೇ ಒಲೆಂಟಾಂಜಿ ನದಿ. ಅದರ ದಡದಲ್ಲಿ ಪೊದೆಗಳಿಂದ ತುಂಬಿದ ಬಯಲು. ಎರಡು ಸೇತುವೆಗಳ ನಡುವಿನ ಆ ಜಾಗಕ್ಕೆ ನೈಸ್ 'ಇಂಟರ್‌ಪಾಂಟ್' ಎಂದು ಹೆಸರಿಟ್ಟರು. ಅಲ್ಲಿ ಹೇರಳವಾಗಿದ್ದುದು ಸಾಂಗ್ ಸ್ಪ್ಯಾರೋ, ಅಂದರೆ ಹಾಡುಗುಬ್ಬಿ. ಹೆಸರಿನಲ್ಲಿ ಗುಬ್ಬಿ ಇದ್ದರೂ ಇದು ನಮ್ಮ ಮನೆಗುಬ್ಬಿಗಿಂತ ಬೇರೆಯಾದ, ಅಮೆರಿಕ ಖಂಡದ್ದೇ ಆದ ಹಕ್ಕಿ.

ಒಂದು ಗುಬ್ಬಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ? ಅಂಕಿಯಿರುವ ಅಲ್ಯೂಮಿನಿಯಂ ಉಂಗುರವನ್ನು ಕಾಲಿಗೆ ತೊಡಿಸುವ ಪದ್ಧತಿ ಆಗಲೇ ಇತ್ತು. ಆದರೆ ಅಂಕಿ ಓದಲು ಹಕ್ಕಿಯನ್ನು ಮತ್ತೆ ಹಿಡಿಯಬೇಕು. ನೈಸ್ ಅದರ ಜೊತೆಗೆ ಬಣ್ಣದ ಸೆಲ್ಯುಲಾಯ್ಡ್ ಉಂಗುರಗಳನ್ನೂ ತೊಡಿಸಿದರು. ಪ್ರತಿ ಹಕ್ಕಿಗೂ ಒಂದೊಂದು ಬಣ್ಣದ ಜೋಡಣೆ. ಹೀಗಾಗಿ ದುರ್ಬೀನಿನಿಂದ ನೋಡಿದರೆ ಸಾಕು, ಯಾರು ಯಾರೆಂದು ತಿಳಿಯುತ್ತಿತ್ತು. ದಿನಕ್ಕೆ 2,300ಕ್ಕೂ ಹೆಚ್ಚು ಬಾರಿ ಹಾಡಿದ ಗಂಡಿಗೆ ಅವರ ದಾಖಲೆಯಲ್ಲಿದ್ದ ಗುರುತು '4ಎಂ'. ಹಲವು ವರ್ಷ ಆ ಒಂದೇ ಹಕ್ಕಿಯ ಬದುಕನ್ನು ಅವರು ಹಿಂಬಾಲಿಸಿದರು.

ಇದರಿಂದ ತಿಳಿದುಬಂದ ಸಂಗತಿಗಳು ಹಲವು. ಗಂಡು ಹಕ್ಕಿಗಳು ವರ್ಷದಿಂದ ವರ್ಷಕ್ಕೆ ತಮ್ಮ ಹಳೆಯ ಎಲ್ಲೆಗೇ ಮರಳಿ ಅದನ್ನು ಹಾಡಿನಿಂದ ಕಾಯುತ್ತವೆ. ಒಂದೇ ಬಯಲಿನ ಹಕ್ಕಿಗಳಲ್ಲಿ ಕೆಲವು ಚಳಿಗಾಲದಲ್ಲಿ ವಲಸೆ ಹೋದರೆ ಇನ್ನು ಕೆಲವು ಅಲ್ಲಿಯೇ ಉಳಿಯುತ್ತವೆ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಬಯಲಿನ ಪೊದೆಗಳನ್ನು ಕಡಿದು ತರಕಾರಿ ತೋಟ ಮಾಡಿದಾಗ ಗುಬ್ಬಿಗಳ ಜೋಡಿಗಳು ಕಡಿಮೆಯಾದದ್ದೂ ಅವರ ಪುಸ್ತಕದಲ್ಲಿ ದಾಖಲಾಯಿತು.

ಇಂಥ ಲೆಕ್ಕದ ಮಹತ್ವವನ್ನು ಒಂದು ಸರಳ ಉದಾಹರಣೆಯಿಂದ ಅರಿಯಬಹುದು. ಒಂದು ಜೋಡಿ ವರ್ಷಕ್ಕೆ ಆರು ಮರಿಗಳನ್ನು ಬೆಳೆಸಿ ಹಾರಿಬಿಡುತ್ತದೆ, ದೊಡ್ಡ ಹಕ್ಕಿಗಳಲ್ಲಿ ಅರ್ಧದಷ್ಟು ಪ್ರತಿವರ್ಷ ಸಾಯುತ್ತವೆ ಎಂದಿಟ್ಟುಕೊಳ್ಳಿ. ಆಗ ಜೋಡಿಗೆ ಒಂದು ಹಕ್ಕಿಯಂತೆ ನಷ್ಟ. ಆರು ಮರಿಗಳಲ್ಲಿ ಒಂದು ಬದುಕಿ ಮರುವರ್ಷ ಗೂಡು ಕಟ್ಟಿದರೆ ಸಂತತಿ ಸ್ಥಿರ. ಅದೂ ಉಳಿಯದಿದ್ದರೆ ಇಳಿಕೆ. ಹಕ್ಕಿ ಕಡಿಮೆಯಾಗುತ್ತಿರುವುದು ಮೊಟ್ಟೆ ನಾಶದಿಂದಲೋ, ಮರಿಗಳ ಸಾವಿನಿಂದಲೋ, ದೊಡ್ಡವುಗಳ ಸಾವಿನಿಂದಲೋ ಎಂಬುದನ್ನು ಹೀಗೆ ಬಿಡಿಬಿಡಿಯಾಗಿ ಎಣಿಸಿದಾಗ ಮಾತ್ರ ಹೇಳಲು ಸಾಧ್ಯ.

ಮನ್ನಣೆ ದೊರೆತದ್ದು ದೂರದಿಂದ

ಎಂಟು ವರ್ಷಗಳ ಈ ಅಧ್ಯಯನದ ಮೊದಲ ವಿಸ್ತೃತ ವರದಿ ಪ್ರಕಟವಾದದ್ದು ಅಮೆರಿಕದಲ್ಲಲ್ಲ, ಜರ್ಮನಿಯ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ, 1933–34ರಲ್ಲಿ. ಖ್ಯಾತ ಜೀವವಿಜ್ಞಾನಿ ಅರ್ನ್ಸ್ಟ್ ಮಾಯರ್ ಅವರ ಪ್ರೋತ್ಸಾಹ ಇದರ ಹಿಂದಿತ್ತು. ಹಾಡುಗುಬ್ಬಿಯ ಜೀವನ ಕುರಿತ ಅವರ ಗ್ರಂಥದ ಮೊದಲ ಸಂಪುಟ 1937ರಲ್ಲಿಯೂ ಎರಡನೆಯದು 1943ರಲ್ಲಿಯೂ ಹೊರಬಂದವು. ಎರಡನೆಯ ಸಂಪುಟಕ್ಕಾಗಿ ಅವರು ಮನೆಯಲ್ಲಿಯೇ ಮರಿಗಳಿಗೆ ತುತ್ತುಣಿಸಿ ಸಾಕಿ ಅವುಗಳ ನಡವಳಿಕೆಯನ್ನು ಗಮನಿಸಿದ್ದರು. 1938ರಲ್ಲಿ ವಿಲ್ಸನ್ ಪಕ್ಷಿಶಾಸ್ತ್ರ ಸಂಘಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ ಎನಿಸಿದರು. 1942ರಲ್ಲಿ ಬ್ರೂಸ್ಟರ್ ಪದಕ ಸಂದಿತು.

ಇತರರು ಕೊಟ್ಟ ಅಂಕಿಗಳನ್ನೂ ಅವರು ಪರೀಕ್ಷಿಸದೆ ಒಪ್ಪುತ್ತಿರಲಿಲ್ಲ. ಮೊಟ್ಟೆಗೆ ಕಾವು ಕೊಡುವ ಅವಧಿಯ ಬಗ್ಗೆ ಪುಸ್ತಕಗಳಲ್ಲಿದ್ದ ಹಲವು ತಪ್ಪು ಅಂಕಿಗಳು ಅರಿಸ್ಟಾಟಲ್‌ನ ಕಾಲದಿಂದ ಒಬ್ಬರಿಂದೊಬ್ಬರಿಗೆ ನಕಲಾಗುತ್ತಾ ಬಂದವು ಎಂಬುದನ್ನು 1950ರ ದಶಕದಲ್ಲಿ ತೋರಿಸಿಕೊಟ್ಟರು. ಬೇರೆಯವರ ಸಂಶೋಧನೆಗಳ ಬಗ್ಗೆ ಮೂರು ಸಾವಿರಕ್ಕೂ ಹೆಚ್ಚು ವಿಮರ್ಶೆಗಳನ್ನು ಬರೆದರು. ಇಷ್ಟಾದರೂ ಜನ ಅವರನ್ನು 'ಗೃಹಿಣಿ' ಎಂದೇ ಪರಿಚಯಿಸುತ್ತಿದ್ದರು. ತಾವು ತರಬೇತಿ ಪಡೆದ ಪ್ರಾಣಿವಿಜ್ಞಾನಿ ಎಂಬುದನ್ನು ಅವರು ನೆನಪಿಸಬೇಕಾಗುತ್ತಿತ್ತು. ನೈಸ್ 1974ರಲ್ಲಿ ನಿಧನರಾದರು. ಆತ್ಮಕಥೆ 1979ರಲ್ಲಿ ಪ್ರಕಟವಾಯಿತು.

ನಮ್ಮ ನಗರಗಳಿಗೆ ಏನು ಪಾಠ?

'ಮನೆಗುಬ್ಬಿ ಕಾಣೆಯಾಗಿದೆ' ಎಂಬ ಮಾತು ಬೆಂಗಳೂರಿನಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಹಕ್ಕಿ ವೀಕ್ಷಕರು ನೀಡಿದ ದಾಖಲೆಗಳನ್ನು ಆಧರಿಸಿದ 2020ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಇದಕ್ಕೆ ಎರಡು ಉತ್ತರ ನೀಡಿತು: ಒಟ್ಟಾರೆ ದೇಶದಲ್ಲಿ ಮನೆಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಆದರೆ ಬೆಂಗಳೂರೂ ಸೇರಿದಂತೆ ಮಹಾನಗರಗಳಲ್ಲಿ ಇಳಿದಿದೆ. ಸಾವಿರಾರು ಜನರ ಟಿಪ್ಪಣಿಗಳಿಲ್ಲದೆ ಈ ವ್ಯತ್ಯಾಸ ಬೆಳಕಿಗೆ ಬರುತ್ತಿರಲಿಲ್ಲ.

ಎಲ್ಲಿ ಇಳಿಯಿತು ಎಂಬುದನ್ನು ಇಂಥ ಸಾಮೂಹಿಕ ಗಣತಿ ಹೇಳಬಲ್ಲದು. ಏಕೆ ಇಳಿಯಿತು ಎಂಬುದಕ್ಕೆ ಮಾತ್ರ ನೈಸ್ ಅವರ ಮಾರ್ಗವೇ ಬೇಕು: ಯಾವ ಗೂಡು ಫಲಿಸಿತು, ಎಷ್ಟು ಮೊಟ್ಟೆ ಒಡೆಯಿತು, ಎಷ್ಟು ಮರಿ ಹಾರಿತು ಎಂಬ ನಿರಂತರ ದಾಖಲೆ. ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸುವುದಕ್ಕೆ ನಮ್ಮಲ್ಲಿ ಅನುಮತಿ ಅಗತ್ಯ. ಕಿಟಕಿಯಾಚೆಯ ಗೂಡನ್ನು ದೂರದಿಂದ, ತೊಂದರೆ ಕೊಡದೆ ನೋಡಿ ದಿನಾಂಕದೊಂದಿಗೆ ಬರೆದಿಡುವುದಕ್ಕೆ ಒಂದು ನೋಟ್‌ಬುಕ್ಕು, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.