ಅತ್ತಿಮಬ್ಬೆಯ ಪ್ರತಿಗಳು, ಅಳಿಸಿಹೋದ ಕಂತುಗಳು
1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ಕಾಲಯಾನದ ಧಾರಾವಾಹಿಯಲ್ಲಿ, ಹೊರನೋಟಕ್ಕೆ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಾಗಿರುವ 'ಟಾರ್ಡಿಸ್' ಎಂಬ ಯಂತ್ರವು ಪಾತ್ರಗಳನ್ನು ಬೇರೆ ಬೇರೆ ಶತಮಾನಗಳಿಗೆ ಒಯ್ಯುತ್ತದೆ. 1964ರಲ್ಲಿ ಪ್ರಸಾರವಾದ 'ಮಾರ್ಕೊ ಪೋಲೊ' ಕಥಾನಕದ ಏಳೂ ಕಂತುಗಳು, ಬಿಬಿಸಿ ಟೇಪುಗಳನ್ನು ಅಳಿಸಿ ಮರುಬಳಸುತ್ತಿದ್ದುದರಿಂದ, ದೃಶ್ಯರೂಪದಲ್ಲಿ ಕಳೆದುಹೋದವು. ಆದರೆ ಅಭಿಮಾನಿಗಳು ಪ್ರಸಾರದ ವೇಳೆ ಮನೆಯಲ್ಲೇ ಧ್ವನಿಮುದ್ರಿಸಿಕೊಂಡಿದ್ದರಿಂದ ಅವುಗಳ ಮಾತು, ಸಂಗೀತ ಇಂದಿಗೂ ಉಳಿದಿವೆ.

ಹೀಗೆ ಪ್ರತಿ ಮಾಡಿಟ್ಟು ಕೃತಿಯನ್ನು ಉಳಿಸಿಕೊಳ್ಳುವ ಕಾಳಜಿ ಗದಗ ಸೀಮೆಗೆ ಹೊಸದಲ್ಲ. ಗದಗ-ಬೆಟಗೇರಿಗೆ ಸಮೀಪದ ಲಕ್ಕುಂಡಿಯಲ್ಲಿ 11ನೆಯ ಶತಮಾನದ ಆರಂಭದಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನ ಕವಿಯ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಮುದ್ರಣವಿಲ್ಲದ ಆ ಕಾಲದಲ್ಲಿ ಓಲೆಗರಿಯ, ಅಂದರೆ ಹದಗೊಳಿಸಿದ ತಾಳೆಎಲೆಯ ಮೇಲೆ, ಲಿಪಿಕಾರರು ಕಂಟವೆಂಬ ಮೊನಚಾದ ಲೇಖನಿಯಿಂದ ಅಕ್ಷರ ಕೊರೆದು ಪ್ರತಿಯೊಂದನ್ನೂ ಕೈಯಿಂದಲೇ ಸಿದ್ಧಪಡಿಸಬೇಕಿತ್ತು. ಧಾರಾವಾಹಿಯ ಐತಿಹಾಸಿಕ ಕಂತುಗಳನ್ನು ಮೆಚ್ಚುವ ಅಭಿಮಾನಿಗೆ, ಆ ಕಾಲದ ಚಾಲುಕ್ಯ ಚಕ್ರವರ್ತಿಯ ಆಸ್ಥಾನಕ್ಕಿಂತಲೂ ಆ ಲಿಪಿಕಾರರ ನಡುವೆ ಟಾರ್ಡಿಸ್ ಬಂದಿಳಿಯುವ ಕಂತೇ ಹೆಚ್ಚು ಅಪೇಕ್ಷಣೀಯ. ಕಾವ್ಯವೊಂದು ಉಳಿದುಕೊಂಡ ಬಗೆಯನ್ನು ಅಲ್ಲಿ ಕಣ್ಣಾರೆ ಕಾಣಬಹುದು.