ಸಾರಜನಕದ ಸಂಚಾರ

ಬೆಂಗಳೂರಿಗೆ 1974ರಿಂದ ಕಾವೇರಿಯ ನೀರು ಬರುತ್ತಿರುವುದನ್ನು ನಾವೆಲ್ಲರೂ ಬಲ್ಲೆವು. ಬಳಸಿದ ಮೇಲೆ ಆ ನೀರು ಏನನ್ನು ಹೊತ್ತು ಎಲ್ಲಿಗೆ ಹೋಗುವುದೆಂದು ವಿಚಾರಮಾಡುವವರು ವಿರಳ. ಅದು ಹೊರುವ ಪದಾರ್ಥಗಳಲ್ಲಿ ಸಾರಜನಕವು ಮುಖ್ಯವಾದುದು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡಗಳು ಅದನ್ನು ನೇರವಾಗಿ ಉಣ್ಣಲಾರವು. ಅವರೆ ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹಿಡಿದು ಗಿಡಕ್ಕೆ ಒದಗಿಸುವುವು. ಮನುಷ್ಯನು ಈ ವಿದ್ಯೆಯನ್ನು ಕಲಿತದ್ದು ಈಚೆಗೆ. ಜರ್ಮನಿಯ ಹೇಬರನು 1909ರಲ್ಲಿ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನು ಮಾಡಿ ತೋರಿಸಿದನು. 1913ರಲ್ಲಿ ಬಾಷನು ಅದಕ್ಕೆ ಕಾರ್ಖಾನೆಯನ್ನು ನಡೆಸಿದನು. ಇಂದು ಹೊಲಕ್ಕೆ ಎರಚುವ ಯೂರಿಯಾ ಆ ಅಮೋನಿಯದಿಂದಲೇ ಆಗುವುದು.

ಹೊಲದ ಸಾರಜನಕವು ಕಾಳಿಗೆ ಸೇರಿ, ಕಾಳಿನಿಂದ ನಮ್ಮ ಊಟದ ಎಲೆಗೆ ಬರುವುದು. ದಿನಕ್ಕೆ 60 ಗ್ರಾಂ ಪ್ರೋಟೀನನ್ನು ತಿನ್ನುವವನಿಗೆ ಸುಮಾರು 10 ಗ್ರಾಂ ಸಾರಜನಕವು ದೊರೆಯುವುದು. ಬೆಳವಣಿಗೆ ಮುಗಿದ ದೇಹವು ಹೆಚ್ಚುಕಡಮೆ ಅಷ್ಟನ್ನೂ ಹೊರಹಾಕುವುದು. ಅದರಲ್ಲಿ ಬಹುಪಾಲು ಮೂತ್ರದಲ್ಲಿಯೇ ಹೋಗುವುದು. ನಗರದಲ್ಲಿ ಒಂದು ಕೋಟಿ ಜನರೆಂದು ಹಿಡಿದರೆ, ದಿನಕ್ಕೆ 100 ಟನ್ನಾಯಿತು. 45 ಕಿಲೋಗ್ರಾಮಿನ ಯೂರಿಯಾ ಚೀಲಗಳ ಲೆಕ್ಕದಲ್ಲಿ ಇದು ಸುಮಾರು 4,800 ಚೀಲಗಳಿಗೆ ಸಮ.

ಹಿಂದೆ ಹಳ್ಳಿಗಳಲ್ಲಿ ಇದರ ಬಹುಭಾಗವು ತಿಪ್ಪೆಯ ಮೂಲಕ ಹೊಲಕ್ಕೇ ಹಿಂತಿರುಗುತ್ತಿದ್ದಿತು. ನಗರದಲ್ಲಿ ಅದು ಚರಂಡಿಯನ್ನು ಸೇರುವುದು. ಬೆಂಗಳೂರು ದಿಣ್ಣೆಯ ಮೇಲಿನ ಊರು. ಆದುದರಿಂದ ಕೊಳಚೆಯು ಒಂದು ಕಡೆ ವೃಷಭಾವತಿಯಾಗಿ ಬೈರಮಂಗಲದ ಕೆರೆಯನ್ನು ಹೊಕ್ಕು, ಅರ್ಕಾವತಿಯೊಡನೆ ಸಂಗಮದಲ್ಲಿ ಕಾವೇರಿಯನ್ನೇ ಮತ್ತೆ ಕೂಡುವುದು; ಇನ್ನೊಂದು ಕಡೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಇಳಿಯುವುದು.

ಹೊಲಕ್ಕೆ ಗೊಬ್ಬರವಾದುದು ಕೆರೆಗೂ ಗೊಬ್ಬರವೇ. ಪಾಚಿಯೂ ಅಂತರಗಂಗೆಯೂ ಹಬ್ಬಿ, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುವುವು, ಮೀನುಗಳು ಸಾಯುವುವು. ನೆಲಕ್ಕೆ ಇಂಗಿದ ಪಾಲು ನೈಟ್ರೇಟಾಗಿ ಬಾವಿಯನ್ನು ಸೇರುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ನಿಯಮ. ಮೀರಿದರೆ ಮುಖ್ಯವಾಗಿ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುವ ಭಯವುಂಟು. ನೈಟ್ರೇಟು ಬಣ್ಣವಿಲ್ಲದ್ದು, ಕಾಯಿಸಿದರೂ ಹೋಗದು.

ಕೊಳಚೆಯನ್ನು ಶುದ್ಧಿಮಾಡುವಾಗ ಗಾಳಿಯೂದಿದರೆ ಅಮೋನಿಯವು ನೈಟ್ರೇಟಾಗುವುದೇ ಹೊರತು ಸಾರಜನಕವು ತೊಲಗದು. ಗಾಳಿಯಿಲ್ಲದ ತೊಟ್ಟಿಯಲ್ಲಿ ಬೇರೆ ಸೂಕ್ಷ್ಮಜೀವಿಗಳಿಗೆ ಅದನ್ನು ಒಪ್ಪಿಸಿದರೆ ಮಾತ್ರ ಅದು ಅನಿಲವಾಗಿ ಆಕಾಶಕ್ಕೆ ಮರಳುವುದು. ಇಲ್ಲವೇ ಅದನ್ನು ತಕ್ಕ ಪ್ರಮಾಣದಲ್ಲಿ ಹೊಲಕ್ಕೆ ಮುಟ್ಟಿಸಬೇಕು. ಎರಡಕ್ಕೂ ಖರ್ಚುಂಟು. ಆ ಖರ್ಚನ್ನು ನಗರವು ಕೊಡದಿದ್ದರೆ, ಹೊಳೆಯ ಕೆಳಗಿನ ಊರುಗಳವರು ತಮ್ಮ ಬಾವಿಗಳಿಂದ ಕೊಡಬೇಕಾಗುವುದು.